ಅವಸರದ ದನಿ

ಒಂದೂರಲ್ಲಿ ಒಬ್ಬ ರಾಕ್ಷಸಿ ಇದ್ದಳಂತೆ. ಮಲಗಿದವರ ದನಿಯನ್ನು ಮೆಲ್ಲಗೆ ಬಿಡಿಸಿಕೊಂಡು ಹೋಗಿ ಭರಣಿಯಲ್ಲಿ ಮುಚ್ಚಿಡುತ್ತಿದ್ದಳಂತೆ. ಅಜ್ಜಿ ಈ ಕಥೆ ಹೇಳಿದಾಗಲೆಲ್ಲ ನಾನು ನನ್ನ ಗಂಟಲು ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ಅಕ್ಕ ಕೆಲಸ ಮಾಡುವ ಗ್ರಂಥಾಲಯದಲ್ಲಿ ದನಿ ಕಳುವಾದದ್ದು ಮಾತ್ರ ಹಾಡಹಗಲೇ.

ಕಣ್ಣು ಕಾಣದವರು ಕಿವಿಯಿಂದ ಪುಸ್ತಕ ಓದುವ ಜಾಗ ಅದು. ಒಂದು ಕೋಣೆ, ಒಂದು ಹಳೇ ಕಂಪ್ಯೂಟರ್, ಗೋಡೆಯಲ್ಲಿ ಲೋಲಕದ ಗಡಿಯಾರ. ಓದುವವರು ಅಲ್ಲೇ ಕೂತು ಓದಿ ದನಿ ಮುದ್ರಿಸುತ್ತಾರೆ. ಕೇಳುವವರು ಅಲ್ಲೇ ಕೂತು ಕೇಳುತ್ತಾರೆ. ಆ ಬೆಳಿಗ್ಗೆ, ದಿನವೂ ಕೇಳಲು ಬರುವ ಕಣ್ಣು ಕಾಣದ ತಾತ ಒಬ್ಬರು ಹೆಡ್‌ಫೋನ್ ಕಿತ್ತು ಮೇಜಿನ ಮೇಲೆ ಎಸೆದರು.

"ಇದು ಅವಳಲ್ಲ! ಯಾವಳೋ ಹುಡುಗಿ! ನನ್ನ ಹೆಂಡತಿ ದನಿ ಎಲ್ಲಿ?"

ತಾತನ ಹೆಂಡತಿ ತೀರಿಕೊಳ್ಳುವ ಮೊದಲು ಒಂದು ಕಾದಂಬರಿಯನ್ನು ಪೂರ್ತಿ ಓದಿಟ್ಟಿದ್ದರು. ಕೊನೆಯವರೆಗೂ ಕೇಳುತ್ತೇನೆಂದು ತಾತ ಮಾತು ಕೊಟ್ಟಿದ್ದರು. ಉಳಿದದ್ದು ಕೊನೆಯ ಅಧ್ಯಾಯ ಮಾತ್ರ.

ವ್ಯವಸ್ಥಾಪಕರು ಅಕ್ಕನತ್ತ ತಿರುಗಿದರು. "ಹೊಸ ಓದುಗಿ ಹತ್ರ ಮತ್ತೆ ಓದಿಸಿ ಹಳೇದನ್ನ ಅಳಿಸಿಬಿಟ್ರಾ? ಸಂಜೆಯೊಳಗೆ ಅದು ಸಿಗದಿದ್ರೆ ನಾಳೆಯಿಂದ ನೀವು ಬರಬೇಡಿ."

ಅಕ್ಕ ಬಿಳಿಚಿಕೊಂಡಳು. ನಾನು ಅತ್ತೆಗೆ ಫೋನ್ ಮಾಡಿದೆ. ನಮ್ಮ ಸೋದರತ್ತೆ ಇನ್ಸ್‌ಪೆಕ್ಟರ್ ಆಗಿ ನಿವೃತ್ತರಾದವರು. ಡಬ್ಬಿಯಲ್ಲಿ ಸಕ್ಕರೆ ಕಡಿಮೆಯಾದರೂ ಮನೆಮಂದಿಯ ಹೇಳಿಕೆ ತೆಗೆದುಕೊಳ್ಳುತ್ತಾರೆ.

ಬಂದವರೇ ಹೊಸ ಓದುಗಿಯನ್ನು ಹಿಡಿದರು.

"ಈ ಪುಸ್ತಕ ಓದಿದೀಯಾ?"

"ಮುಟ್ಟೇ ಇಲ್ಲ ಮೇಡಂ! ನನ್ನ ದನಿ ಆಗಿದ್ರೆ ನನಗೇ ಗೊತ್ತಾಗಲ್ವಾ?"

"ಕಳ್ಳರೂ ಹಾಗೇ ಅಂತಾರೆ." ಅತ್ತೆ ಅಕ್ಕನ ಕಡೆ ತಿರುಗಿದರು. "ನೀನು ಹೇಳೇ. ಈ ಕಂಪ್ಯೂಟರಿಗೆ ಏನು ಮಾಡ್ದೆ?"

"ಏನೂ ಅಳಿಸಿಲ್ಲ ಅತ್ತೆ. ಪುಸ್ತಕ ಕೇಳಿಸೋ ಹಳೇ ಸಾಫ್ಟ್‌ವೇರ್ ಪ್ಲೇಯರ್ ಆಗಾಗ ನಿಂತುಹೋಗ್ತಿತ್ತು. ನಿನ್ನೆ ಅದನ್ನ ತೆಗೆದು ಹೊಸದು ಹಾಕ್ದೆ. ಅಷ್ಟೇ."

"ಬೇರೆ ಪುಸ್ತಕ ಕೇಳಿದವರು?"

"ಯಾರೂ ದೂರಿಲ್ಲ."

"ದೂರೋದು ಹೇಗೆ? ಓದಿದವರ ದನಿ ಇವರಷ್ಟು ಗೊತ್ತಿರೋರು ಇನ್ಯಾರಿದ್ದಾರೆ?"

ಅತ್ತೆ ಸ್ಪೀಕರ್ ಹಾಕಿಸಿದರು. ತೆಳ್ಳಗಿನ, ಎಳೆಯ ದನಿ. ಸರಸರ ಓದುತ್ತಿತ್ತು. ರಾಕ್ಷಸಿ ಭರಣಿಯನ್ನೇ ಅದಲುಬದಲು ಮಾಡಿಟ್ಟಂತೆ ನನಗೆ ಭಯವಾಯಿತು. ಅತ್ತೆ ಮಾತ್ರ ಗೋಡೆ ನೋಡುತ್ತಿದ್ದರು.

"ಯಜಮಾನರೇ, ಒಂದು ಕಿವಿಗೆ ಹೆಡ್‌ಫೋನ್ ಇಟ್ಕೊಳ್ಳಿ, ಇನ್ನೊಂದು ಕಿವಿ ಗೋಡೆ ಕಡೆ ಕೊಡಿ. ದನಿ ಬಿಟ್ಟುಬಿಡಿ. ಅದರ ಹಿಂದೆ ಏನು ಕೇಳ್ಸುತ್ತೆ?"

"ಟಿಕ್ ಟಿಕ್... ಇದೇ ಗಡಿಯಾರ."

"ಒಳಗಿನದೂ ಗೋಡೇದೂ ಜೊತೆಗೆ ನಡೀತಿವೆಯಾ?"

ತಾತ ತಲೆ ವಾಲಿಸಿ ಉಸಿರು ಬಿಗಿಹಿಡಿದರು. "ಇಲ್ಲ... ಒಳಗಿನದು ಬಿಟ್ಟು ಓಡ್ತಿದೆ!"

"ಕೇಳಿದ್ರಾ?" ಅತ್ತೆ ವ್ಯವಸ್ಥಾಪಕರತ್ತ ನೋಡಿದರು. "ಓದೋರನ್ನ ಬದಲಾಯಿಸಬಹುದು. ಗಡಿಯಾರಕ್ಕೆ ಅವಸರ ಕಲಿಸೋಕಾಗುತ್ತಾ? ಅದು ಓಡ್ತಿದೆ ಅಂದ್ರೆ ದನಿಮುದ್ರಣ ಪೂರ್ತಿ ಓಡ್ತಿದೆ. ಓಡಿಸಿದ್ರೆ ದನಿ ತೆಳ್ಳಗಾಗುತ್ತೆ, ಮುದುಕಿ ಹುಡುಗಿ ಆಗ್ತಾಳೆ. ಅಪರಾಧಿ ಮನುಷ್ಯರಲ್ಲ — ನಿನ್ನೆ ಬಂದ ಆ ಹೊಸ ಪ್ಲೇಯರ್!"

ಅಕ್ಕ ಹಣೆ ಚಚ್ಚಿಕೊಂಡಳು. "ಈ ಕಂಪ್ಯೂಟರಿನ ಸೌಂಡ್ ಕಾರ್ಡಿಗೆ ಒಂದೇ ವೇಗ ಗೊತ್ತು! ನಮ್ಮ ದನಿಮುದ್ರಣ ಅದಕ್ಕಿಂತ ನಿಧಾನದ್ದು, ಹಳೇ ಪ್ಲೇಯರ್ ಅದಕ್ಕೆ ತಕ್ಕಂತೆ ಹೊಂದಿಸಿ ಕೊಡ್ತಿತ್ತು. ಹೊಸದು ಇದ್ದ ಹಾಗೇ ಸುರೀತಿದೆ!"

"ಹಳೇದನ್ನ ಎಸೆದ್ಯಾ?"

"ಎಸೆಯೋದು ನಮ್ಮ ಮನೇಲಿ ಯಾರಿಗೆ ಗೊತ್ತು ಅತ್ತೆ?" ಅಕ್ಕ ಮೇಜಿನ ಖಾನೆಯಿಂದ ಹಳೇ ಪ್ಲೇಯರಿನ ಸಿಡಿ ತೆಗೆದು ಕಂಪ್ಯೂಟರಿಗೆ ಹಾಕಿದಳು. ವ್ಯವಸ್ಥಾಪಕರು ಕೆಮ್ಮಿ, "ನಾಳೆ ಬನ್ನಿ ಆಯ್ತಾ" ಅಂದರು.

ಈ ಸಲ ತಾತ ಹೆಡ್‌ಫೋನ್ ಬೇಡವೆಂದರು. ಸ್ಪೀಕರಿನಿಂದ ದಪ್ಪಗಿನ, ನಿಧಾನದ ದನಿ ಹೊರಟಿತು.

"ಬಂದ್ಲು," ಅಂದರು ತಾತ.

ಕೊನೆಯ ಅಧ್ಯಾಯ. ಅರ್ಧ ದಾಟಿದ ಮೇಲೆ ಓದು ಚುರುಕಾಯಿತು. ಪದಗಳು ಒಂದರ ಮೇಲೊಂದು ಬೀಳತೊಡಗಿದವು. ಅಕ್ಕ ಗಾಬರಿಯಿಂದ ಕಂಪ್ಯೂಟರಿನತ್ತ ಧಾವಿಸಿದಳು.

ತಾತ ಕೈ ಅಡ್ಡ ಹಿಡಿದರು. "ಬಿಡು ಮಗಳೇ. ಗಡಿಯಾರ ಸರಿಯಾಗೇ ನಡೀತಿದೆ, ಕೇಳು. ಈ ಅವಸರ ಅವಳದ್ದೇ. ಅವತ್ತು ಆಸ್ಪತ್ರೆಗೆ ಹೋಗೋ ಗಾಡಿ ಹೊರಗೆ ಕಾಯ್ತಿತ್ತು."

ಕೊನೆಯ ಸಾಲು ಮುಗಿಯಿತು. ಒಳಗಿನ ಗಡಿಯಾರ ನಿಂತು, ಗೋಡೆಯದು ಮಾತ್ರ ಉಳಿಯಿತು.

ತಾತ ಸ್ಪೀಕರಿನ ಕಡೆ ಬಾಗಿದರು.

"ಪೂರ್ತಿ ಕೇಳ್ದೆ ಕಣೇ."