ಒಂದು ಮನೆಗೆ ಒಂದೇ ಮಳಿಗೆ

ಹೊಸ ಫ್ರೇಮ್ ಬಂದಾಗಲೆಲ್ಲ ಕನ್ನಡಕದ ಅಂಗಡಿಯ ಮೈಲೇಶ ಅದನ್ನು ತಾನೇ ಹಾಕಿಕೊಂಡು ಪಕ್ಕದ ಮ್ಯಾಚಿಂಗ್ ಸೆಂಟರ್ ಬಾಗಿಲಲ್ಲಿ ನಿಲ್ಲುತ್ತಿದ್ದ.

"ಇದರಾಗ ನೀ ಇನ್ನೂ ಚಂದ ಕಾಣ್ತಿ."

"ಗ್ಲಾಸ ಇಲ್ಲದ ಫ್ರೇಮಿನಾಗ ಏನ್ ಕಾಣ್ತೈತಿ, ಹೋಗ," ಎನ್ನುತ್ತಿದ್ದಳು ಧನಶ್ರೀ. ಬಾಯಲ್ಲಿ ಹೋಗು, ಕಣ್ಣಲ್ಲಿ ಇನ್ನೊಂದು ಗಳಿಗೆ ಇರು. ಕೈ ಮಾತ್ರ ಮಡಚಿದ ಬ್ಲೌಸ್ ಪೀಸನ್ನೇ ಮತ್ತೆ ಮಡಚುತ್ತಿತ್ತು.

ರಾಣೆಬೆನ್ನೂರಿನ ಹೊರಗೆ, ಹಲಗೇರಿ ರಸ್ತೆಯಲ್ಲಿ ಇವರ ಅಂಗಡಿಗಳಿದ್ದ ಹಳೇ ಕಾಂಪ್ಲೆಕ್ಸ್ ಕೆಡವಿ ಮಾಲ್ ಕಟ್ಟುವ ಸುದ್ದಿ ಬಂದದ್ದು ಇವರ ಮದುವೆ ಮಾತಿನ ಹೊತ್ತಿಗೇ. ಹಳೇ ಬಾಡಿಗೆದಾರರಿಗೆ ಹೊಸ ಮಳಿಗೆ ಖಂಡಿತ, ಆದರೆ ಒಂದು ಮನೆಗೆ ಒಂದೇ. ಮದುವೆಯಾದರೆ ಒಬ್ಬರ ಅಂಗಡಿ ಹೋಯಿತೆಂದೇ ಲೆಕ್ಕ. ಮಾಲೀಕನಿಗೆ ಪ್ರೀತಿಯೂ ಚದರಡಿಯಲ್ಲೇ ಕಾಣುತ್ತದೆ!

"ಮಳಿಗಿ ಕೈಗೆ ಬರೂತನಕ ನೀ ಯಾರೋ, ನಾ ಯಾರೋ," ಎಂದ ಮೈಲೇಶ. ತಾನೇ ಕಟ್ಟಿ ಬೆಳೆಸಿದ ಅಂಗಡಿ ಬಿಡಲು ಧನಶ್ರೀಗೂ ಮನಸ್ಸಿರಲಿಲ್ಲ. ಹೂಂ ಎಂದಳು.

ಮಾಲೀಕನ ಮ್ಯಾನೇಜರ್ ಮೈಲೇಶನ ಅಂಗಡಿಗೆ ವಿಚಾರಣೆಗೆ ಬಂದಾಗ ಅವಳು ನಡುವಿನ ಪ್ಲೈವುಡ್ ಗೋಡೆಯ ಈಚೆ ಇದ್ದಳು. ಎಲ್ಲವೂ ಕೇಳುತ್ತಿತ್ತು.

"ಬಾಜೂ ಅಂಗಡಿ ಹುಡುಗಿನ್ನ ಮದುವಿ ಆಗಾಕತ್ತೀರಂತಲ್ಲ?"

ಮೈಲೇಶ ಜೋರಾಗಿ ನಕ್ಕ. "ಅಕಿನ್ನಾ? ಮೂವತ್ತ ದಾಟಿದಾಕಿ, ಯಾರೂ ಮಾಡ್ಕೊಳ್ಳಲಾರದ ಉಳದಾಕಿ. ಪಾಪ ಅಂತ ಮಾತಾಡಸ್ತೇನ್ರಿ, ಅಷ್ಟ."

ಮ್ಯಾನೇಜರನೂ ನಕ್ಕ. ನಂಬಿದ.

ಕಟ್ಟಡ ಏಳುವವರೆಗೆ ಧನಶ್ರೀ ಫೋನಿನಲ್ಲೂ ಹ್ಞೂಂ, ಉಹೂಂ ಅಷ್ಟೇ. ಅದೂ ನಾಟಕವೇ ಎಂದುಕೊಂಡು ಮೈಲೇಶ ಅವಳ ಜಾಣತನ ಮೆಚ್ಚಿದ.

ಇಬ್ಬರಿಗೂ ಒಂದೊಂದು ಮಳಿಗೆ ಸಿಕ್ಕಿತು. ಮಾಲ್ ಶುರುವಾದ ದಿನ ಅವನು ಪೇಡೆ ಹಿಡಿದು ಬಂದ. "ಇನ್ನ ಯಾರ ಹಂಗೂ ಇಲ್ಲ. ನಿಮ್ಮವ್ವನ್ನ ಕೇಳಾಕ ಬರ್ಲೇನ?"

ಧನಶ್ರೀ ಪೇಡೆ ಮುಟ್ಟಲಿಲ್ಲ. "ಅವತ್ತ ಮ್ಯಾನೇಜರ್ ಮುಂದ ನೀ ಅಂದದ್ದು ಕೇಳೇನಿ."

"ಹುಚ್ಚಿ, ಅದು ನಾಟಕ! ಇಬ್ರೂ ಕೂಡೇ ಮಾಡಿದ್ದಲ್ಲ?"

"ಗೊತ್ತೈತಿ. ಅಕಿ ನನಗ ಯಾರೂ ಅಲ್ಲ ಅಂದಿದ್ರ ಸಾಕಿತ್ತು. ಉಳದಾಕಿ ಅನ್ನೂ ಮಾತು ಅಷ್ಟ ಲಗೂ ಹೆಂಗ ಹೊಳೀತು ನಿನಗ?"

"ಸುಮ್ನ ಬಾಯಿಗೆ ಬಂತು..."

"ಹೂಂ. ಬಾಯಿಗೆ ಬರೂವಷ್ಟು ಹತ್ರನ ಇತ್ತು."

ಅವನ ಮೇಲಿನ ಪ್ರೀತಿ ಎಳ್ಳಷ್ಟೂ ಕಡಿಮೆಯಾಗಿರಲಿಲ್ಲ. ನೋಯುತ್ತಿದ್ದುದೇ ಅದಕ್ಕೆ. ಇಲ್ಲ ಅನ್ನು, ಯಾವತ್ತೂ ಹಾಗೆ ಅಂದುಕೊಂಡಿಲ್ಲ ಅನ್ನು ಎಂದು ಅವಳು ಒಳಗೇ ಬೇಡಿಕೊಂಡಳು.

ಮೈಲೇಶ ನೆಲ ನೋಡಿದ. "ನಮ್ಮ ಮನ್ಯಾಗ ಹಂಗ ಅಂತಿದ್ರು," ಎಂದ ಮೆಲ್ಲಗೆ. "ನಾನೂ ನಕ್ಕೊಂತ ಕುಂತಿರತಿದ್ದೆ."

"ಖರೇ ಹೇಳಿದಿ. ಇನ್ನ ನಮ್ಮವ್ವನ ಕಡೆ ಬರಬ್ಯಾಡ," ಎಂದಳು ಧನಶ್ರೀ. ಅವನು ಮೆಟ್ಟಿಲಿಳಿದು ಹೋದ ಮೇಲೆ ಶಟರ್ ಅರ್ಧ ಎಳೆದುಕೊಂಡು ಅತ್ತಳು.