ಡಾಕ್ಟರಬಾಯಿಯ ಕಾರ್ಡು

2007ರ ಜುಲೈ ಹನ್ನೊಂದು, ಬುಧವಾರ ಬೆಳಿಗ್ಗೆ ಹಡಪಸರದ ಠಾಣೆಗೆ ಶಿವಬಸವ್ವ ದೂರು ಕೊಡಲು ಬಂದಾಗ ಇನ್‌ಸ್ಪೆಕ್ಟರ್ ಧರ್ಮಣ್ಣ ಬಿರಾದಾರ ಕುರ್ಚಿಯಲ್ಲಿ ಕೂತಿರಲಿಲ್ಲ. ಬೆನ್ನಿನ ಕೆಳಭಾಗ ಹಿಡಿದುಕೊಂಡು ಒಂದು ವಾರವಾಗಿತ್ತು. ಕೂತರೆ ಏಳಬೇಕು, ಎದ್ದರೆ ಅಡ್ಡಾಡಬೇಕು ಅನ್ನಿಸುತ್ತಿತ್ತು. ಮಾತ್ರೆ ನುಂಗಿದರೆ ಹೊಟ್ಟೆಯಲ್ಲಿ ಉರಿ, ನುಂಗದಿದ್ದರೆ ತಲೆಯಲ್ಲಿ ಉರಿ. ಸಾಹೇಬರು ತಮ್ಮ ಮೇಲೆಯೇ ಸಿಟ್ಟಾಗಿದ್ದಾರೆಂದು ತಿಳಿದು ಬಂದವರೆಲ್ಲ ಅರ್ಧ ಮಾತು ಗಂಟಲಲ್ಲೇ ಇಟ್ಟುಕೊಂಡು ಹೋಗುತ್ತಿದ್ದರು.

ಶಿವಬಸವ್ವ ಹಾಗೆ ಹೋಗುವ ಪೈಕಿಯವಳಲ್ಲ. ಹವಾಲ್ದಾರ್ ಖೈರೆಗೆ ಮರಾಠಿಯಲ್ಲಿ ಹೇಳಲು ಹೋಗಿ ತಡವರಿಸಿದಳು. ಅಷ್ಟರಲ್ಲಿ ಯಾರೋ 'ಬಿರಾದಾರ ಸಾಹೇಬ' ಎಂದದ್ದು ಕಿವಿಗೆ ಬಿದ್ದದ್ದೇ ತಡ, ನೇರ ಧರ್ಮಣ್ಣನ ಎದುರು ಬಂದು ನಿಂತಳು.

"ನಮ್ಮ ಕಡೆಯವ್ರ ಏನ್ರಿ ನೀವು?"

"ಅಕ್ಕಲಕೋಟ ಕಡೆ. ಏನಾಗೇದ ಹೇಳ್ರಿ."

"ನನ್ನ ಮಗನ ಕಾಲು ಹೋದುವ್ರಿ ಸಾಹೇಬ್ರ. ಎರಡೂ."

ಮಗ ಸಂಜು ಯಂತ್ರದ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಹಂಗಾಮಿ ಕೆಲಸಗಾರ. ಮೇ ತಿಂಗಳಲ್ಲಿ ಭಾರ ಎತ್ತುವಾಗ ಬೆನ್ನು ಉಳುಕಿತ್ತು. ಕಾರ್ಖಾನೆಯವರೇ ಹತ್ತಿರದ ಫಿಜಿಯೋಥೆರಪಿ ಕ್ಲಿನಿಕ್ಕಿಗೆ ಕಳಿಸಿದ್ದರು. ಜುಲೈ ಎರಡರಂದು ಮತ್ತೆ ಕೆಲಸಕ್ಕೆ ಹೋದ. ಅದೇ ವಾರ ಕಬ್ಬಿಣದ ಅಚ್ಚೊಂದನ್ನು ಎತ್ತಲು ಹೋಗಿ ಕೆಳಗೆ ಬಿದ್ದ. ಆಪರೇಷನ್ ಆಗಿದೆ, ಆದರೆ ಕಾಲಿನಲ್ಲಿ ಸ್ಪರ್ಶವಿಲ್ಲ.

"ಡಾಕ್ಟರಬಾಯಿ ಫಿಟ್ ಅಂತ ಬರದ್ಲಂತ," ಎಂದಳು ಶಿವಬಸವ್ವ. "ಆರಾಮ ಇಲ್ಲದವಂಗ ಫಿಟ್ ಅಂತ ಬರದವ್ರು ಯಾರದಾರ, ಅವ್ರನ್ನ ಒಳಗ ಹಾಕ್ರಿ. ನನಗ ಮತ್ತೇನೂ ಬ್ಯಾಡ."

ನಿರ್ಲಕ್ಷ್ಯದಿಂದ ತೀವ್ರ ಗಾಯ ಮಾಡಿದ ಆರೋಪಕ್ಕೆ ಐಪಿಸಿ 338ರಡಿ ಎಫ್‌ಐಆರ್ ದಾಖಲಾಯಿತು. ಆಕೆ ಹೆಬ್ಬೆಟ್ಟು ಒತ್ತಿ, ಬೆರಳನ್ನು ತಲೆಗೂದಲಿಗೆ ಒರೆಸಿಕೊಂಡು ಆಸ್ಪತ್ರೆಗೆ ಹೊರಟಳು. ಹೇಳಿಕೆ ಪಡೆಯಲು ಧರ್ಮಣ್ಣನೂ ಖೈರೆಯನ್ನು ಕರೆದುಕೊಂಡು ಹಿಂದೆಯೇ ಹೋದ.

ಸಂಜು ಛಾವಣಿ ನೋಡುತ್ತ ಮಲಗಿದ್ದ. ಪ್ರಶ್ನೆಗೆ ತಕ್ಕಷ್ಟೇ ಉತ್ತರ.

"ಫಿಟ್ ಅಂತ ನಿನಗ ಯಾರು ಹೇಳಿದ್ರು?"

"ಕಂಪನಿಯವ್ರು. ಕಂಪ್ಯೂಟರದಾಗ ಬಂದದ, ಸೋಮವಾರ ಬಾ ಅಂದ್ರು."

"ನಿನಗ ಆರಾಮ ಅನಸ್ತಿತ್ತೇನು?"

"ಇಲ್ರಿ. ಬ್ಯಾನಿ ಇತ್ತು. ಆದ್ರ ಡಾಕ್ಟರಬಾಯಿನ ಫಿಟ್ ಅಂದಮ್ಯಾಲ, ಇದು ನನ್ನ ಮನಸಿನ ಅಂಜಿಕಿ ಅಂತ ತಿಳದೆ. ಅದಕ್ಕ ಎತ್ತಿದೆ."

ಧರ್ಮಣ್ಣ ಹೇಳಿಕೆಯ ಹಾಳೆ ಮಡಚಿದ. ಪಕ್ಕದಲ್ಲಿ ಶಿವಬಸವ್ವ ಸ್ಟೀಲಿನ ಡಬ್ಬಿಯೊಂದನ್ನು ತೊಳೆದು ಒರೆಸಿ, ಅದರೊಳಗೆ ಒಂದು ಚಿಟಿಕೆ ಸಕ್ಕರೆ ಹಾಕಿ ಮುಚ್ಚಳ ಒತ್ತಿದಳು. ಅವನು ನೋಡುತ್ತಿದ್ದಾನೆಂದು ತಿಳಿದು ತಾನಾಗಿಯೇ ಹೇಳಿದಳು: "ಆ ದವಾಖಾನಿಯಾಗ ಕೂಡತಾಳಲ್ರಿ, ರೇಣು, ಆಕಿ ಡಬ್ಬಿ. ದಿನಾ ರೊಟ್ಟಿ ತರತಾಳ. ಖಾಲಿ ಡಬ್ಬಿ ಹೊಳ್ಳಿ ಕೊಡಬಾರದಲ್ಲ?"

ಮಧ್ಯಾಹ್ನ ಪಂಚರನ್ನು ಕರೆದುಕೊಂಡು ಕ್ಲಿನಿಕ್ಕಿಗೆ ಹೋದರು. ಧರ್ಮಣ್ಣ ಸೊಟ್ಟಗಾಗಿ ಮೆಟ್ಟಿಲು ಹತ್ತುವುದನ್ನು ಕಂಡು ಕೌಂಟರಿನ ಹುಡುಗಿ ಎದ್ದು ನಿಂತಳು. "ನಡಾ ಹಿಡದದೇನ್ರಿ ಸಾಹೇಬ್ರ? ಆ ಗಟ್ಟಿ ಕುರ್ಚಿ ಮ್ಯಾಲ ಕೂಡ್ರಿ." ಇವಳೇ ರೇಣು. ಹಡಪಸರದ ಗದ್ದಲದ ನಡುವೆ ಮನೆಯ ಮಾತು ಕೇಳಿ ಧರ್ಮಣ್ಣನಿಗೆ ನೋವು ಸ್ವಲ್ಪ ಕಡಿಮೆಯಾದಂತೆಯೇ ಆಯಿತು.

ಫಿಜಿಯೋಥೆರಪಿಸ್ಟ್ ಪ್ರಫುಲ್ಲಾ ಶೆಟ್ಟಿ ಒಳಗಿನಿಂದ ಟವೆಲ್ಲಿಗೆ ಕೈ ಒರೆಸುತ್ತ ಬಂದಳು. ಉಡುಪಿ ಕಡೆಯವಳು. ಮುಖ ಬಾಡಿತ್ತು, ಆದರೂ ಕಣ್ಣು ಮಾತ್ರ ಬಂದವನ ನಿಲುವನ್ನು ಅಳೆಯುತ್ತಿತ್ತು.

"ನಿಮಗೆ ಎಂತ ಆಗಿದೆ ಸರ್?"

"ನಡಾ ಹಿಡದದ್ರಿ."

"ನಡೆಯಲಿಕ್ಕೆ ಆಗುದಿಲ್ವಾ?"

ಅವನು ಬೆನ್ನಿನ ಕೆಳಗೆ ಕೈಯಿಟ್ಟು ತೋರಿಸಿದ. "ಓ, ಸೊಂಟವಾ!" ಎಂದಳು. ಕನ್ನಡದವರು ಕನ್ನಡದವರಿಗೇ ಕೈಸನ್ನೆ ಮಾಡುವುದನ್ನು ಕಂಡು ಖೈರೆ ಮೀಸೆಯಡಿ ನಕ್ಕ.

ಪಂಚನಾಮೆಯಲ್ಲಿ ಬರೆದುಕೊಂಡದ್ದು ಇಷ್ಟು. ನಗರದ ಹಲವು ಫಿಜಿಯೋಥೆರಪಿ ಕ್ಲಿನಿಕ್ಕುಗಳನ್ನು ಒಂದು ಖಾಸಗಿ ಸಂಸ್ಥೆ ಕಂಪ್ಯೂಟರ್ ಜಾಲದಿಂದ ಜೋಡಿಸಿದೆ. ಒಬ್ಬ ರೋಗಿಯ ವಿವರ ಮತ್ತೊಬ್ಬರಿಗೆ ಸಿಗದಿರಲೆಂದು ಪ್ರತಿ ಚಿಕಿತ್ಸಕರಿಗೂ ಚಿಪ್ ಇರುವ ಒಂದು ಗುರುತಿನ ಕಾರ್ಡು, ನಾಲ್ಕು ಅಂಕಿಯ ಗುಪ್ತಸಂಖ್ಯೆ. ಕಾರ್ಡನ್ನು ಯಂತ್ರಕ್ಕೆ ತೂರಿಸಿ ಸಂಖ್ಯೆ ಒತ್ತಿದರೆ ಮಾತ್ರ ಬರೆಯಬಹುದು. ಬರೆದದ್ದರ ಕೆಳಗೆ ಅವರ ಹೆಸರು ತಾನೇ ಮೂಡುತ್ತದೆ. ಅದೇ ಸಹಿ. ಸಂಜುವಿನ ಕಡತದಲ್ಲಿ ಜೂನ್ ಮೂವತ್ತು, ಶನಿವಾರ ಮಧ್ಯಾಹ್ನದ ಟಿಪ್ಪಣಿಯ ಕೆಳಗೆ ಮೂಡಿದ್ದುದು ಪ್ರಫುಲ್ಲಾಳ ಹೆಸರು.

"ನಾನು ಬರೀಲಿಲ್ಲ ಸರ್. ದೇವರಾಣೆ ಇಲ್ಲ."

"ಕಾರ್ಡು ಯಾರ ಹತ್ರ ಇರ್ತದ?"

"ನನ್ನ ಹತ್ರವೇ."

"ನಂಬರ್ ಯಾರಿಗ್ಯಾರಿಗೆ ಗೊತ್ತದ?"

ಅವಳು ಟವೆಲ್ಲು ಮಡಚಿದಳು. "ಯಾರಿಗೂ ಇಲ್ಲ."

ಆ ಉತ್ತರ ಒಂದು ಉಸಿರಿನಷ್ಟು ತಡವಾಗಿ ಬಂತು. ಸುಳ್ಳು ಎಂದು ಧರ್ಮಣ್ಣನಿಗೆ ಅನ್ನಿಸಿತು. ಯಾಕೆ ಸುಳ್ಳು ಎಂಬುದು ಮಾತ್ರ ಹೊಳೆಯಲಿಲ್ಲ.

ಪರದೆಯ ಮೇಲಿನ ಟಿಪ್ಪಣಿ ಇಂಗ್ಲಿಷ್ ಅಕ್ಷರಗಳಲ್ಲಿತ್ತು. ಮೊದಲ ಪದ ಎನ್, ಎ, ಡಿ, ಎ. ಆಮೇಲೆ 'ಫುಲ್ ಓಕೆ, ಫಿಟ್ ಫಾರ್ ಡ್ಯೂಟಿ'. ಖೈರೆ ಬಗ್ಗಿ ಓದಿ ಮರಾಠಿಯಲ್ಲಿ ಕೇಳಿದ: "ನಾಡಾ? ಪಾಯಜಮ್ಯಾಚಾ ನಾಡಾ?" ಪಾಯಿಜಾಮದ ಲಾಡಿ ಗಟ್ಟಿಯಿದ್ದರೆ ಕೆಲಸಕ್ಕೆ ಹೋಗಬಹುದೆಂದು ಯಾವ ಡಾಕ್ಟರು ಬರೆಯುತ್ತಾರೆ ಎಂದು ಅವನ ತಕರಾರು.

"ಅದು ನಾಡಾ ಅಲ್ಲೋ, ನಡಾ," ಎಂದು ಧರ್ಮಣ್ಣ ತನ್ನ ಬೆನ್ನನ್ನೇ ತಟ್ಟಿ ತೋರಿಸಿದ. "ಕನ್ನಡ ಮಾತು. ನಿಮ್ಮ ಕಂಬರ."

ಜಾಣತನ ತೋರಿಸಲು ಹೋಗಿ ಅವನೇ ಎಡವಿದ್ದು ಇಲ್ಲಿ. ಖೈರೆ ಅದನ್ನು ವರದಿಯಲ್ಲಿ ಸೇರಿಸಿದ, ವರದಿ ಎಸಿಪಿ ಸಾಹೇಬರ ಮೇಜಿಗೆ ಹೋಯಿತು. ಅಲ್ಲಿಂದ ಬಂದ ಫೋನು ಚಿಕ್ಕದು. ಕಾರ್ಡು ಅವಳದು, ಮಾತು ಕನ್ನಡದ್ದು, ಡಾಕ್ಟರು ಕನ್ನಡದವಳು; ಇನ್ನೇನು ಬೇಕು ಬಿರಾದಾರ? ಶನಿವಾರದೊಳಗೆ ಅರೆಸ್ಟ್ ಮಾಡಿ.

ಧರ್ಮಣ್ಣನಿಗೆ ಸಮಾಧಾನವಿಲ್ಲ. ಗುರುವಾರ ಜಾಲದ ಕಚೇರಿಗೆ ಹೋದ. ಅಲ್ಲಿನ ಎಂಜಿನಿಯರ್ ಅಮರ ಬೆಂಗಳೂರಿನವನು. ಕಂಪ್ಯೂಟರಿನಿಂದ ತಲೆಯೆತ್ತದೆ ಮಾತಾಡಿದ.

"ಕಾರ್ಡ್ ಅವರ್ದು, ಪಿನ್ ಕರೆಕ್ಟ್, ಕಂಪ್ಯೂಟರ್ ಆ ಕ್ಲಿನಿಕ್‌ದೇ. ಸಿಸ್ಟಮ್ ಪ್ರಕಾರ ಅವರೇ ಸಾರ್."

"ಬ್ಯಾರೆ ಯಾರಾದ್ರೂ ಒತ್ತಿದ್ರ?"

"ಪಿನ್ ಯಾರಿಗೂ ಹೇಳಲ್ಲ ಅಂತ ಸೈನ್ ಮಾಡಿರ್ತಾರೆ. ಹೇಳಿದ್ರೆ ಕಾರ್ಡೇ ಕ್ಯಾನ್ಸಲ್, ಕ್ಲಿನಿಕ್ ಕ್ಲೋಸ್." ಆಗ ತಲೆಯೆತ್ತಿದ. "ಯಾರ ಬೆರಳು ಅಂತ ಸಿಸ್ಟಮ್‌ಗೆ ಕಾಣಲ್ಲ ಸಾರ್."

ಶುಕ್ರವಾರವಿಡೀ ಧರ್ಮಣ್ಣ ಠಾಣೆಯ ವರಾಂಡದಲ್ಲಿ ಆ ತುದಿಯಿಂದ ಈ ತುದಿಗೆ ಓಡಾಡಿದ. ಏನೋ ಒಂದು ಹಲ್ಲಿನ ಸಂದಿಯಲ್ಲಿ ಸಿಕ್ಕ ನಾರಿನ ಹಾಗೆ ಕಾಡುತ್ತಿತ್ತು, ನಾಲಿಗೆಗೆ ತಾಕುತ್ತಿತ್ತು, ಹೊರಗೆ ಬರುತ್ತಿರಲಿಲ್ಲ. ಚಹಾ ತಣ್ಣಗಾಯಿತು. ಖೈರೆ ಎರಡು ಸಲ ಬಂದು ಅರೆಸ್ಟ್ ಮೆಮೋ ತಯಾರಿಸಲೇ ಎಂದು ಕೇಳಿ ಬೈಸಿಕೊಂಡ.

ಶನಿವಾರ ಮಧ್ಯಾಹ್ನ ಬೇರೆ ದಾರಿಯಿಲ್ಲದೆ ಮಹಿಳಾ ಪೇದೆ ಸಾವಿತ್ರಿಬಾಯಿಯನ್ನು ಜೊತೆಗೆ ಕರೆದುಕೊಂಡು ಕ್ಲಿನಿಕ್ಕಿಗೆ ಹೋದ. ಕೌಂಟರು ಖಾಲಿಯಿತ್ತು. ಪ್ರಫುಲ್ಲಾ ಒಬ್ಬಳೇ ಇದ್ದಳು. ಪೇದೆಯನ್ನು ಕಂಡ ಕೂಡಲೇ ಅವಳಿಗೆ ಅರ್ಥವಾಯಿತು. ಏಪ್ರನ್ ಬಿಚ್ಚಿ ಮೊಳೆಗೆ ತೂಗುಹಾಕಿದಳು. ಬಾಗಿಲಿಗೆ ಬಂದವಳು ಅಭ್ಯಾಸಬಲದಿಂದ ಕೇಳಿದಳು:

"ನಿಮ್ಮ ಸೊಂಟ ಹೇಗುಂಟು ಸರ್?"

ಧರ್ಮಣ್ಣ ನಿಂತಲ್ಲೇ ನಿಂತ. ಮೂರು ದಿನದಿಂದ ಸಿಕ್ಕಿಕೊಂಡಿದ್ದ ನಾರು ಹೊರಗೆ ಬಂದಿತ್ತು.

"ಮೇಡಂ, ನಡ ಅಂದ್ರ ಏನ್ರಿ?"

"ನಡೆಯುದಾ? ವಾಕಿಂಗಾ?" ಮೊನ್ನೆ ಅವನು ಕೈಯಿಟ್ಟು ತೋರಿಸಿದ್ದೂ ಅವಳಿಗೆ ನೆನಪಿರಲಿಲ್ಲ.

ಉಡುಪಿಯವರು ಸೊಂಟ ಅನ್ನುತ್ತಾರೆ. ನಡ ಅನ್ನುವವರು ನಾವು, ಅಕ್ಕಲಕೋಟ ಕಡೆಯವರು. ಎಸಿಪಿ ಸಾಹೇಬರಿಗೆ ಕನ್ನಡವೆಂದರೆ ಒಂದೇ ಕನ್ನಡ. ಅವರದೇನು ತಪ್ಪು? ಹುಟ್ಟಿದಾಗಿನಿಂದ ನಡ ಎನ್ನುತ್ತ ಬಂದ ತನ್ನ ತಲೆಗೆ ಏನಾಗಿತ್ತು ಎಂದು ಧರ್ಮಣ್ಣ ತನ್ನನ್ನೇ ಬೈದುಕೊಂಡ. ಬುಧವಾರ ಇದೇ ಬಾಗಿಲಲ್ಲಿ ಆ ಮಾತನ್ನು ಆಡಿದವರು ಯಾರೆಂಬುದೂ ನೆನಪಾಯಿತು. ಖಾಲಿ ಕೌಂಟರಿನ ಕಡೆ ನೋಡಿದ.

"ಈಗ ಖರೇ ಹೇಳ್ರಿ. ನಿಮ್ಮ ನಂಬರ್ ಯಾರಿಗೆ ಗೊತ್ತದ?"

ಪ್ರಫುಲ್ಲಾ ಎರಡೂ ಅಂಗೈ ಚಾಚಿದಳು. ಜೆಲ್ಲಿನಿಂದ, ಎಣ್ಣೆಯಿಂದ ಫಳಫಳ ಹೊಳೆಯುತ್ತಿದ್ದವು.

"ಇಡೀ ದಿನ ಹೀಗೇ ಸರ್. ಪ್ರತಿ ಸಲ ಕೈ ತೊಳೆದು, ಒರೆಸಿ, ಕಾರ್ಡು ಹಾಕಿ, ನಂಬರ್ ಒತ್ತುವಷ್ಟರಲ್ಲಿ ಇನ್ನೊಬ್ಬರು ಬಂದು ಮಲಗಿರ್ತಾರೆ. ನಾನು ಒಳಗಿಂದ ಕೂಗಿ ಹೇಳುದು, ರೇಣು ಬರೆಯುದು. ಬೆಳಿಗ್ಗೆ ಹಾಕಿದ ಕಾರ್ಡು ಸಂಜೆಯೇ ತೆಗೆಯುದು." ಕೈಗಳನ್ನು ಹಿಂದಕ್ಕೆಳೆದುಕೊಂಡಳು. "ಹೇಳಿದ್ರೆ ಕ್ಲಿನಿಕ್ ಹೋಗ್ತದೆ ಅಂತ ಹೆದರಿದೆ."

ಒಣಗಿದ ಕೈಯಿದ್ದವರು ಕೂತು ಕಟ್ಟಿದ ಜಾಲ, ಒದ್ದೆ ಕೈಯವರ ಪಾಲಿಗೆ ಬಂದಿತ್ತು. ಧರ್ಮಣ್ಣ ಅವಳ ಹೇಳಿಕೆ ಬರೆಸಿಕೊಂಡು ಕಾರ್ಡನ್ನು ಜಪ್ತಿ ಮಾಡಿದ. ಬಂಧಿಸಲಿಲ್ಲ.

"ರೇಣು ಎಲ್ಲಿ?"

"ಆಸ್ಪತ್ರೆಗೆ. ಸಂಜುವಿಗೆ ರೊಟ್ಟಿ ಕೊಡ್ಲಿಕ್ಕೆ."

ಆಸ್ಪತ್ರೆಯ ವಾರ್ಡಿನಲ್ಲಿ ರೇಣು ರೊಟ್ಟಿ ಮುರಿದು ಪಲ್ಲೆಯಲ್ಲಿ ನೆನೆಸುತ್ತಿದ್ದಳು. ಸಾವಿತ್ರಿಬಾಯಿಯನ್ನು ಕಂಡು ಕೈ ನಿಂತಿತು. ಧರ್ಮಣ್ಣ ಅವಳನ್ನು ಹೊರಗೆ ಮೆಟ್ಟಿಲ ಹತ್ತಿರ ಕರೆದ.

"ನಿಮಗ ಯಾರು ಹೇಳಿದ್ರು?" ಎಂದಳು. ಅಲ್ಲಗಳೆಯಲಿಲ್ಲ.

"ನೀನ ಹೇಳಿದಿ. ನಡಕ್ಕ ಇಂಗ್ಲಿಷಿನ್ಯಾಗ ಲಂಬರ್ ಅಂತ ಬರೀಬೇಕಾದಲ್ಲಿ ನಡಾ ಅಂತ ಬರದಿ."

"ಡಾಕ್ಟರಬಾಯಿ ಹೇಳಿದಾಗ ಅಕ್ಷರ ಕೇಳ್ಕೋತ ಬರೀತಿದ್ದೆ. ಅವತ್ತು ಯಾರನ್ನ ಕೇಳ್ಲಿ?"

"ಯಾಕ ಬರದಿ? ಸಂಜು ಹೇಳಿದ್ನೇನು?"

"ಅಂವಗ ಗೊತ್ತ ಇಲ್ರಿ. ಅವ್ನ ಹೆಸರು ಎಳೀಬ್ಯಾಡ್ರಿ." ಸೆರಗಿಗೆ ಕೈ ಒರೆಸಿಕೊಂಡಳು. "ತಿಂಗಳ ಕಡೀಗೆ ಫಿಟ್ ಆಗದಿದ್ರ ಅವ್ನ ಜಾಗಾಕ್ಕ ಬ್ಯಾರೆಯವ್ರನ್ನ ತಗೋತೀವಿ ಅಂತ ಕಂಪನಿಯವ್ರು ಫೋನ್ ಮಾಡಿದ್ರು. ಫೋನ್ ಎತ್ತಿದಾಕಿ ನಾನ."

ಆಮೇಲೆ ಅವಳು ಹೇಳಿದ್ದು ತನ್ನ ತಂದೆ ಸಿದ್ರಾಮಪ್ಪನ ವಿಷಯ. ಗೋದಾಮಿನಲ್ಲಿ ಹಮಾಲಿ. ಅವನ ನಡವೂ ಹೀಗೆಯೇ ಹಿಡಿದಿತ್ತು.

"ಆರಾಮಾದಮ್ಯಾಲ ಬಾ ಅಂದ್ರು. ಆರಾಮಾದ್ರು. ಕರೀಲೇ ಇಲ್ಲ. ಇವತ್ತಿಗೂ ಮುಂಜಾನೆ ಜಳಕಾ ಮಾಡಿ, ಕೆಲಸದ ಅಂಗಿ ಹಾಕ್ಕೊಂಡು ಹೊಸ್ತಿಲದಾಗ ಕೂಡತಾರ. ಅದನ್ನ ದಿನಾ ನೋಡತೀನ್ರಿ ನಾನು. ಇವನೂ ಹಂಗ ಆಗ್ತಾನ ಅನಿಸ್ತು."

"ಬ್ಯಾನಿ ಇತ್ತಲ್ಲ ಅವಂಗ?"

"ಬಂದಾಗೆಲ್ಲ ನಗ್ತಿದ್ದ. ನಗೋ ಮನಿಷ್ಯಾಗ ಎಷ್ಟರ ಬ್ಯಾನಿ ಇದ್ದೀತು ಅಂತ ತಿಳದೆ." ಆಗ ಅತ್ತಳು, ಬಾಯಿಗೆ ಕೈ ಒತ್ತಿ, ವಾರ್ಡಿಗೆ ಕೇಳಿಸದ ಹಾಗೆ.

ಹೆಂಗಸರನ್ನು ಹೊತ್ತು ಮುಳುಗಿದ ಮೇಲೆ ಬಂಧಿಸುವಂತಿಲ್ಲವೆಂದು ಸಂಜೆ ಐದೂವರೆಗೆ, ಬೆಳಕಿರುವಾಗಲೇ, ಸಾವಿತ್ರಿಬಾಯಿ ಅವಳನ್ನು ಬಂಧಿಸಿದಳು. ಸುಳ್ಳು ದಾಖಲೆ ಮಾಡಿದ ಕಲಮನ್ನೂ ಪ್ರಕರಣಕ್ಕೆ ಸೇರಿಸಲಾಯಿತು. ಶಿವಬಸವ್ವನಿಗೆ ತಿಳಿಸುವ ಕೆಲಸ ಧರ್ಮಣ್ಣನಿಗೆ ಉಳಿಯಿತು. ಅವನು ಹೇಳಿದ. ಆಕೆ ಕೈಯಲ್ಲಿದ್ದ ರೊಟ್ಟಿಯ ತುಂಡನ್ನು ನೋಡಿದಳು, ಮಗನನ್ನು ನೋಡಿದಳು. ಸಂಜು ಮುಖವನ್ನು ಗೋಡೆಗೆ ತಿರುಗಿಸಿದ. ಅವನಿಂದ ತಿರುಗಿಸಲು ಆಗುತ್ತಿದ್ದುದು ಅದೊಂದೇ.

ಮರುದಿನ ಭಾನುವಾರ ಬೆಳಿಗ್ಗೆ ರೇಣುವನ್ನು ರಜಾದಿನದ ಕೋರ್ಟಿಗೆ ಕರೆದೊಯ್ಯುವ ಮೊದಲು ಶಿವಬಸವ್ವ ಠಾಣೆಗೆ ಬಂದಳು. ಸ್ಟೀಲಿನ ಡಬ್ಬಿಯನ್ನು ಧರ್ಮಣ್ಣನ ಮೇಜಿನ ಮೇಲಿಟ್ಟಳು. ಆರೋಪಿಗೆ ಕೊಡುವ ವಸ್ತುವನ್ನು ತೆರೆದು ನೋಡಬೇಕು. ತೆರೆದ. ತೊಳೆದ ಡಬ್ಬಿಯ ತಳದಲ್ಲಿ ಒಂದು ಚಿಟಿಕೆ ಸಕ್ಕರೆಯಿತ್ತು.

"ಖಾಲಿ ಕೊಡಬಾರದು ಅಂತ ಹಾಕೀನಿ," ಎಂದಳು. "ಮಾಫಿ ಮಾಡೀನಿ ಅಂತ ತಿಳೀಬ್ಯಾಡ ಅಂತ ಹೇಳ್ರಿ ಆಕಿಗೆ."

ಧರ್ಮಣ್ಣ ಡಬ್ಬಿಯನ್ನೂ ಕೊಟ್ಟ, ಆ ಮಾತನ್ನೂ ಹಾಗೆಯೇ ಹೇಳಿದ. ರೇಣು ತಲೆಯಾಡಿಸಿದಳು. ಬೆರಳು ಅದ್ದಿ ಸಕ್ಕರೆಯನ್ನು ನಾಲಿಗೆಗೆ ಹಚ್ಚಿಕೊಂಡು, ಸಂಜು ಇವತ್ತು ಕಾಲು ಅಲುಗಾಡಿಸಿದನೇ ಎಂದು ಕೇಳಿದಳು.

"ಇನ್ನೂ ಇಲ್ಲ," ಎಂದ ಧರ್ಮಣ್ಣ.