ತೆರೆದೇ ಇದ್ದ ಸೆಷನ್

ಗದ್ವಾಲದ ಸೀರೆ ಸಂಘದ ಸಾಫ್ಟ್‌ವೇರ್ ಮತ್ತೆ ಹ್ಯಾಂಗ್ ಆಯಿತು. ಅದನ್ನು ಬರೆದ ಬಸವಪ್ರಸಾದನಿಗೆ ನಾಚಿಕೆಯಾಗಬೇಕಿತ್ತು. ಅವನಿಗೋ ಒಳಗೊಳಗೇ ಖುಷಿ! ಹ್ಯಾಂಗ್ ಆದರೆ ತಾನೇ ಶಿವರಂಜನಿ ಬರುವುದು?

ಸಂಘದ ಡೇಟಾಬೇಸ್ ನೋಡಿಕೊಳ್ಳುವವಳು ಅವಳು. ಇರುವುದು ಈಗಷ್ಟೇ ಹೊಸ ಜಿಲ್ಲೆಯಾದ ನಾರಾಯಣಪೇಟೆಯಲ್ಲಿ. ಮಕ್ತಲ್‌ನಲ್ಲಿ ಬಸ್ ಬದಲಿಸಿ ಬಂದು, ಕಣ್ಣು ಕಿರಿದು ಮಾಡಿ ಅವನನ್ನೊಮ್ಮೆ ನೋಡಿದರೆ ಸಾಕು, ಅವನ ವಾರ ಹೇಗೋ ಕಳೆಯುತ್ತಿತ್ತು. ಉಳಿದಂತೆ ಬಾಡಿಗೆ ಕೋಣೆಯಲ್ಲಿ ಅವನ ಮಾತು ಕೇಳುವವರು ಯಾರೂ ಇರಲಿಲ್ಲ.

ತಪ್ಪು ಇಷ್ಟೇ. ಜಾವಾ ಭಾಷೆಯಲ್ಲಿ ಬರೆದ ಆ ಸಾಫ್ಟ್‌ವೇರಿನಲ್ಲಿ ಪ್ರತಿ ಸೀರೆಯ ಆರ್ಡರ್ ಬಣ್ಣದಿಂದ ಮಗ್ಗಕ್ಕೆ, ಮಗ್ಗದಿಂದ ಅಂಗಡಿಗೆ ಸಾಗುತ್ತಿತ್ತು. ನೇಕಾರರು ನೇಯುವಷ್ಟು ದಿನವೂ ಡೇಟಾಬೇಸಿನೊಂದಿಗಿನ ಸಂಪರ್ಕ, ಅಂದರೆ ಸೆಷನ್, ಸುಮ್ಮನೆ ತೆರೆದೇ ಇರುತ್ತಿತ್ತು. ಅಂಥವು ಹೆಚ್ಚಾದರೆ ಮಿಕ್ಕ ಆರ್ಡರ್‌ಗಳಿಗೆ ಜಾಗವಿಲ್ಲದೆ ಎಲ್ಲವೂ ಹ್ಯಾಂಗ್. ಆರ್ಡರ್ ಎಲ್ಲಿಗೆ ಬಂತೆಂದು ಸೇವ್ ಮಾಡಿ ಸೆಷನ್ ಮುಚ್ಚಬೇಕು. ನೇಕಾರ ಮುಗಿಸಿದ ಮೇಲೆ ಹೊಸದೊಂದು ತೆರೆದು ಅಲ್ಲಿಂದಲೇ ಮುಂದುವರಿಸಬೇಕು.

ಆ ತಿದ್ದುಪಡಿಯನ್ನು ಅವನು ಬರೆದಾಗಿತ್ತು. ಸಾಫ್ಟ್‌ವೇರಿಗೆ ಹಾಕಿರಲಿಲ್ಲ, ಅಷ್ಟೇ.

ಅಂದು ಶಿವರಂಜನಿ ಬಂದಾಗ ಅವನ ಕಂಪ್ಯೂಟರಿನಲ್ಲಿ ಅದು ಅವಳ ಕಣ್ಣಿಗೆ ಬಿತ್ತು.

"ಹೋದ ವಾರಾನೇ ಬರ್ದೀರಿ. ಹಾಕಾಕ ಏನಾಗಿತ್ರಿ?"

"ಹಾಕಿದ್ರ ನೀವು ಬರ್ತಿರಲಿಲ್ಲ." ಬಾಯಿ ಜಾರಿತು. "ನನಗ ನೀವು ಬರೋದು ಬೇಕಾಗಿತ್ರಿ."

ಅವಳ ಕಿವಿ ಕೆಂಪಾದವು. ಆಮೇಲೆ ಮುಖವೂ ಕೆಂಪಾಯಿತು, ಅದು ಸಿಟ್ಟಿಗೆ.

"ಹೊರಗ ಎಂಕಪ್ಪ ಮಾಮ ಕುಂತಾನ, ನೋಡಿದ್ರೇನು? ಸೀರಿ ನೇದು ತಂದಾನ. ಇದು ನಿಂತದ್ದಕ್ಕ ಮುಂದಿನ ಸೀರಿಗೆ ರೇಷ್ಮಿ ಸಿಕ್ಕಿಲ್ಲ, ಮಗ್ಗ ಖಾಲಿ ಐತಿ. ನಿಮ್ಮ ಪ್ರೀತಿಗೆ ಅವನ್ಯಾಕ ಕಾಯಬೇಕ್ರಿ?"

ಅವನು ತಲೆ ತಗ್ಗಿಸಿದ. ತಿದ್ದುಪಡಿಯನ್ನು ಅವಳೇ ಹಾಕಿದಳು. ಎಂಕಪ್ಪನ ಆರ್ಡರ್ ಮುಂದೆ ಹೋಯಿತು. ಚೀಲ ಹೆಗಲಿಗೇರಿಸಿ ಬಾಗಿಲಲ್ಲಿ ನಿಂತು, ಬಸವಪ್ರಸಾದನತ್ತ ತಿರುಗದೆಯೇ ಅಂದಳು:

"ಇಷ್ಟ ದಿನ ನಾನೇ ಬಂದೀನಿ. ಗದ್ವಾಲದಿಂದ ನಮ್ಮೂರಿಗೆ ಬಸ್ ಇಲ್ಲೇನ್ರಿ?"

ಆಮೇಲೆ ಸಾಫ್ಟ್‌ವೇರ್ ಒಮ್ಮೆಯೂ ನಿಲ್ಲಲಿಲ್ಲ. ಅವಳ ಫೋನೂ ಬರಲಿಲ್ಲ. ಸಂಜೆ ಆಫೀಸಿನ ಬೀಗ ಹಾಕಿ ಕೋಣೆಗೆ ಹೋಗಲು ಮನಸ್ಸಾಗದೆ ಅವನು ಬಸ್‌ಸ್ಟ್ಯಾಂಡಿನಲ್ಲಿ ಸುಮ್ಮನೆ ಕೂತಿರುತ್ತಿದ್ದ. ಅವಳು ಬೈದಳೋ ಕರೆದಳೋ ಗೊತ್ತಾಗಲೊಲ್ಲದು. ಇಂಜಿನಿಯರಿಂಗ್ ಬೇರೆ ಓದಿದ್ದಾನೆ, ಮಹಾರಾಯ!

ಕಡೆಗೊಂದು ಭಾನುವಾರ ಬಸ್ ಹತ್ತಿದ. ಮಕ್ತಲ್‌ನಲ್ಲಿ ಇಳಿದು ಬಿಸಿಲಲ್ಲಿ ಕಾದ. ಮುಂದಿನ ಬಸ್ಸಿನಲ್ಲಿ ಸೀಟು ಸಿಗದೆ ನಿಂತೇ ಹೋದ. ಪ್ರತಿ ಸಲವೂ ಅವಳು ಹೀಗೇ ಬರುತ್ತಿದ್ದಳಲ್ಲ ಎಂದು ಆಗ ಹೊಳೆಯಿತು.

ನಾರಾಯಣಪೇಟೆಯಲ್ಲಿ ಇಳಿದು ಫೋನ್ ಮಾಡಿದ.

"ಏನ್ ನಿಂತೈತ್ರಿ ಈಗ?"

"ಏನೂ ನಿಂತಿಲ್ಲ. ಎಲ್ಲಾ ಛಲೋ ನಡದೈತಿ. ನಾನು ನಿಮ್ಮೂರಾಗ ಅದೀನಿ."

ಅವಳು ದನಿ ತಗ್ಗಿಸಿದಳು.

"ಯಾವ ಕೆಲಸಕ್ಕ ಬಂದಾರ ಅಂತ ನಮ್ಮವ್ವ ಕೇಳ್ತಾಳ," ಎಂದಳು. "ಏನ್ ಹೇಳ್ಲಿ?"

"ಕೆಲಸ ಏನೂ ಇಲ್ಲಂತ ಹೇಳ್ರಿ. ನಿಮ್ಮನ್ನ ನೋಡಾಕ ಬಂದಾನಂತ ಹೇಳ್ರಿ."

ಅವಳು ನಕ್ಕಿದ್ದು ಕೇಳಿಸಿತು.

"ಅಲ್ಲೇ ನಿಂದರ್ರಿ. ಅವ್ವಗ ಹೇಳೇ ಬರ್ತೀನಿ."